ಅರ್ಧ ಡೇರೆ

ವಿಚ್ಛೇದನದಲ್ಲಿ ದೋಣಿ ಎನ್ಸಿಯೊಗೆ, ಮನೆ ನನಗೆ.
ಡೇರೆಯ ಮಾತು ಬಂದಾಗ ಕುಹ್ಮೊದ ವಕೀಲೆ
ಕನ್ನಡಕ ತೆಗೆದು ನಕ್ಕಳು: ಕತ್ತರಿಸಲೇ?
ಜುಲೈ ಮೊದಲೆರಡು ವಾರ ಅವನು, ಉಳಿದದ್ದು ನಾನು.
ಚೀಲವನ್ನು ದೋಣಿಕಟ್ಟೆಯ ಮೊಳೆಗೆ ತೂಗಿಸಿ
ಅವನು ಹೋದ ಮೇಲೆ ನಾನು ಬರುವುದು. ಕರಾರು.

ಬಿಚ್ಚಿದರೆ ಹೊಗೆ, ಪೈನ್ ಅಂಟು, ಒದ್ದೆ ಕಾಲುಚೀಲದ ವಾಸನೆ.
ಒಣಗಿಸಿ ಮಡಚು ಅಂತ ಹೇಳಿದ್ದೆ.
ಇಪ್ಪತ್ತು ವರ್ಷ ಹೇಳಿದ್ದೆ.
ಗೂಟ ಎಣಿಸಿದೆ: ಕಬ್ಬಿಣದವು ಹನ್ನೊಂದು.
ಹನ್ನೆರಡನೆಯದು ಭೂರ್ಜದ ಕೊಂಬೆ ಕೆತ್ತಿದ್ದು,
ಹಗ್ಗ ಜಾರದಂತೆ ತಲೆಗೊಂದು ಕಚ್ಚು.
ಅವನ ಕೈ ಮಾತ್ರ ಎಂದೂ ಸುಳ್ಳಾಡಲಿಲ್ಲ.

ಇಲ್ಲೀಗ ರಾತ್ರಿ ಎಂಬುದಿಲ್ಲ.
ಹನ್ನೊಂದೂವರೆಗೂ ನೀರ ಮೇಲೆ ನೀರುಮಜ್ಜಿಗೆಯಂಥ ಬೆಳಕು.
ಸೊಳ್ಳೆಗಳು ಹಳೇ ಬಾಕಿ ವಸೂಲಿಗೆ ಬಂದಿವೆ.
ಅಂಗೈಯಷ್ಟು ಪರ್ಚ್ ಮೀನು ಎರಡು ಸಿಕ್ಕವು;
ಬೆನ್ನುಮುಳ್ಳು ಚುಚ್ಚಿತು, ಬೈದೆ, ಹುರಿದೆ, ತಿಂದೆ.
ಕಪ್ಪುಗೊರಳಿನ ಮುಳುಗುಹಕ್ಕಿ ನಡುನೀರಲ್ಲಿ
ಯಾರನ್ನೋ ಅಣಕಿಸುವಂತೆ ಕೂಗಿತು.

ಅಂಗಾತ ಮಲಗಿದಾಗ ಕಂಡಿತು:
ಕಿಡಿ ಹಾರಿ ಸುಟ್ಟ ಆ ತೂತು,
ನನ್ನ ಮಗ್ಗುಲ ಕಡೆಯದು,
ಪ್ರತಿ ಮಳೆಗೂ ನನ್ನ ಕಿವಿಗೇ ತೊಟ್ಟಿಕ್ಕುತ್ತಿದ್ದದ್ದು,
ಈಗ ತೇಪೆ. ಸೊಟ್ಟ ಹೊಲಿಗೆ, ನೀಲಿ ದಾರ.
ಅವನನ್ನು ನೆನೆಸಿದ ತೂತಲ್ಲವಲ್ಲ ಅದು.

ಹೊರಡುವ ದಿನ ಬಂಡೆಯ ಮೇಲೆ ಹರವಿ
ಹೊಲಿಗೆಹೊಲಿಗೆಯೂ ಗರಿಯಾಗುವಷ್ಟು ಒಣಗಿಸಿದೆ.
ಮಡಚುವ ಮುಂಚೆ ಅವನ ಮಗ್ಗುಲಲ್ಲಿ
ಉಣ್ಣೆಯ ಕಾಲುಚೀಲ ಒಂದು ಜೊತೆ ಇಟ್ಟೆ.
ಒಣಗಿದ್ದು.
ನೋಡಿಯಾದರೂ ಕಲಿಯಲಿ.