ಹತ್ತೂವರೆಗೆ ಊಟ ಆಯ್ತಾ

ಹತ್ತೂವರೆಗೆ ಯಾರಾದರೂ "ಊಟ ಆಯ್ತಾ" ಅಂದರೆ
ಹುಷಾರಾಗಬೇಕು.

ಮಸ್ಕತ್ತಿನ ಘಲಾದಲ್ಲಿ, ಈ ಮೂರನೇ ಮಹಡಿಯಲ್ಲಿ
ಶ್ರೀಕಂಠಸ್ವಾಮಿ ಸಾರ್ ಮೀಟಿಂಗಿಗೆ ಇಂಗ್ಲಿಷು,
ಡ್ರೈವರುಗಳಿಗೆ ಹಿಂದಿ,
ಪಾಲುದಾರರು ಬಂದರೆ ಎದೆ ಮೇಲೆ ಕೈಯಿಟ್ಟು
ಅರ್ಧ ಸಲಾಮಿನಷ್ಟು ಅರಬ್ಬಿ.
ಕನ್ನಡವನ್ನು ಮಾತ್ರ
ಒಳಜೇಬಿನ ನೋಟಿನ ಹಾಗೆ ಮಡಚಿಟ್ಟಿದ್ದರು.
ಆರು ವರ್ಷದಲ್ಲಿ ನನ್ನ ಮುಂದೆ ಮೂರು ಸಲ ತೆಗೆದಿದ್ದಾರೆ.

ಮೊದಲ ಸಲ, ಓವರ್‌ಟೈಮ್ ಬರೆಯಬೇಡ ಅನ್ನಲಿಕ್ಕೆ.
ಎರಡನೇ ಸಲ, ನನ್ನ ಇಂಕ್ರಿಮೆಂಟು
ಫೈನಾನ್ಸಿನ ಹಾತಿಮ್‌ಗೆ ಹೋಯಿತು ಅನ್ನಲಿಕ್ಕೆ:
"ನಮ್ಮೋಳಲ್ವೇನಮ್ಮಾ ನೀನು, ಅರ್ಥ ಮಾಡ್ಕೋತೀಯ."
ನಮ್ಮೋಳು ಅಂದರೆ
ಕೊಡದಿದ್ದರೂ ನಡೆಯುತ್ತದೆ ಅಂತ
ಆಗ ತಿಳಿಯಿತು.

ಮೂರನೆಯದು ಒಂದು ಭಾನುವಾರ, ವಾರದ ಮೊದಲ ದಿನ.
ಏಸಿ ಇನ್ನೂ ಮೈ ಮುರಿಯುತ್ತಿತ್ತು.
"ಊಟ ಆಯ್ತಾ?"
ನನ್ನ ಮೇಜಿನ ತುದಿಗೇ ಕೂತರು.

ಸೊಹಾರ್ ಬಂದರಿನಲ್ಲಿ ನಮ್ಮ ವಾಲ್ವುಗಳು
ಇಪ್ಪತ್ತೆರಡು ದಿನದಿಂದ ಬಿಸಿಲು ಕಾಯಿಸುತ್ತ ಕೂತಿದ್ದವು,
ದಿನಕ್ಕಿಷ್ಟು ಅಂತ ರಿಯಾಲು ತಿನ್ನುತ್ತ.
ಅದರಲ್ಲಿ ಹತ್ತೊಂಬತ್ತು ದಿನ
ಕಾಗದ ಮಲಗಿದ್ದು ಸಾರ್ ಅವರದೇ ಇನ್‌ಬಾಕ್ಸಿನಲ್ಲಿ.
ರಿಜಿಸ್ಟರು ನನ್ನದು. ಬಂದ ತಾರೀಖು, ಹೋದ ತಾರೀಖು,
ಯಾರ ಕೈಯಿಂದ ಯಾರ ಕೈಗೆ.
ಡಾಕ್ಯುಮೆಂಟ್ ಕಂಟ್ರೋಲರ್ ಅನ್ನುತ್ತಾರೆ ನನಗೆ,
ಕಂಟ್ರೋಲು ಹೆಸರಿನಲ್ಲಿ ಮಾತ್ರ.

"ಒಂದು ತಾರೀಖು ಸರಿ ಮಾಡೋಣ," ಅಂದರು.
ಮಾಡು ಅನ್ನಲಿಲ್ಲ. ಮಾಡೋಣ.
ನಮ್ಮ ಭಾಷೆಯ ಈ ಓಣ
ಎಂಥಾ ಓಣಿ ನೋಡಿ:
ಇಬ್ಬರು ಜೊತೆಯಾಗಿ ಒಳಗೆ ಹೋಗುತ್ತಾರೆ,
ಸಿಕ್ಕಿಬೀಳುವವರು ಒಬ್ಬರೇ.

ತಾರೀಖು ಸರಿದರೆ ಹತ್ತೊಂಬತ್ತು ದಿನವೂ
ಪರ್ಚೇಸಿನ ಮರಿಸೆಲ್ ತಲೆಗೆ.
ಸೆಬುವಿನವಳು. ಒಣ ಮಾವಿನ ಪೊಟ್ಟಣ ಒಡೆದರೆ
ಮೊದಲ ಚೂರು ನನ್ನ ಕೀಬೋರ್ಡಿನ ಪಕ್ಕ.
ತೀರಾ ಒಳ್ಳೆಯವಳು ಅಂತೇನಲ್ಲ; ಹೋದ ವರ್ಷ
ನನ್ನ ಈದ್ ರಜೆಯನ್ನು ಮೇಲಿನವರ ಕಿವಿ ಊದಿ
ತಾನು ತಗೊಂಡಳು.
ಆದರೂ ವೀಸಾ ವೀಸಾನೇ.

ಚಹಾದ ಸತ್ತಾರ್ ಭಾಯಿ ಹದಿನೇಳು ವರ್ಷದಲ್ಲಿ
ಯಾರಿಗೂ ಇಲ್ಲ ಅಂದವನಲ್ಲ.
ಕೊಡಬಾರದವರಿಗೆ "ಹಾಲು ಮುಗಿದಿದೆ" ಅನ್ನುತ್ತಾನೆ.
ಹಾಲು ಫ್ರಿಜ್ಜಿನಲ್ಲಿ ಬೆಳ್ಳಗೆ ನಿಂತಿರುತ್ತದೆ.

ನಾನೂ ಅಂದೆ:
"ಸಾರ್, ಸಿಸ್ಟಮ್ ಬಿಡ್ತಾ ಇಲ್ಲ. ಹಳೇ ತಾರೀಖು ಲಾಕ್ ಆಗ್ಬಿಟ್ಟಿದೆ.
ಐಟಿಯವರಿಗೆ ಬರೀಲಾ, ನಿಮ್ಮನ್ನ ಸಿಸಿಯಲ್ಲಿ ಇಟ್ಟು?"

ಲಾಕೂ ಇರಲಿಲ್ಲ, ಏನೂ ಇರಲಿಲ್ಲ.
ಅವರಿಗೂ ಗೊತ್ತು. ಗೊತ್ತು ಅಂತ ನನಗೂ ಗೊತ್ತು.
ಕಿಟಕಿಯಾಚೆ ಒಂದು ಹುಲ್ಲೂ ಇಲ್ಲದ ಬೆಟ್ಟ
ನಮ್ಮಿಬ್ಬರನ್ನೂ ನೋಡುತ್ತಿತ್ತು.
"ಇಟ್ಸ್ ಓಕೆ, ಲೀವ್ ಇಟ್," ಅಂದು ಎದ್ದರು.
ನೋಟು ಮತ್ತೆ ಒಳಜೇಬಿಗೆ.

ಇದನ್ನು ಧೈರ್ಯದ ಖಾತೆಗೆ ಬರೆಯಲು ನನಗೆ ಮುಖವಿಲ್ಲ.
ಧೈರ್ಯವಾಗಿದ್ದರೆ "ಆಗಲ್ಲ" ಅಂತಿದ್ದೆ. ಮೂರೇ ಅಕ್ಷರ.
ಮಗಳ ಫೀಸಿನ ಕಂತು ಬಾಕಿ,
ಗಂಡನ ಹೊಸ ಕೆಲಸ ಇನ್ನೂ ಪ್ರೊಬೇಷನ್ನಿನಲ್ಲಿ,
ಆ ಮೂರಕ್ಷರಕ್ಕೆ ನಮ್ಮ ಒಂದು ಬೆಡ್‌ರೂಮಿನಲ್ಲಿ
ಜಾಗ ಇರಲಿಲ್ಲ.

ಮಿನಿಟ್ಸು ಬಂತು: ವಿಳಂಬವನ್ನು ಗಮನಿಸಲಾಗಿದೆ.
ಯಾರದು ಅಂತಿಲ್ಲ.
ಮರಿಸೆಲ್ ಏನೊಂದೂ ತಿಳಿಯದೆ ಮಾರ್ಚಿನಲ್ಲಿ
ಎಂಬತ್ತು ರಿಯಾಲು ಹೆಚ್ಚಿಗೆ ಸಿಕ್ಕು ದುಕ್ಮ್ ಕಡೆ ಹೋದಳು;
ಹೋಗುವಾಗ ನನ್ನ ಸ್ಟೇಪ್ಲರ್ ಒಯ್ದಳು.
ನನ್ನ ಹೆಸರು ಕೆಲವು ಮೇಲುಗಳಿಂದ ಉದುರಿತು,
ಹಾಲುಹಲ್ಲಿನ ಹಾಗೆ, ಒಂದೊಂದಾಗಿ.

ಈಗ ಸಾರ್ ದಿನವೂ "ಗುಡ್ ಮಾರ್ನಿಂಗ್."
ಕ್ಷೇಮ. ಇಂಗ್ಲಿಷಿನಲ್ಲಿ ನನಗೆ ಯಾವ ಭಯವೂ ಇಲ್ಲ.

ಆದರೆ ಒಂದೂಕಾಲಿಗೆ, ಪ್ಯಾಂಟ್ರಿಯಲ್ಲಿ,
ಮೈಕ್ರೋವೇವಿನೊಳಗೆ ನನ್ನ ರೊಟ್ಟಿ ಸುತ್ತುವಾಗ
ಬೆನ್ನ ಹಿಂದೆ ಆ ಬೂಟಿನ ಸದ್ದಾದರೆ
ಕಿವಿ ತಾನಾಗಿ ಕಾಯುತ್ತದೆ
ಆ ಎರಡು ಪದಕ್ಕೆ, ಸರಿಯಾದ ಹೊತ್ತಿನಲ್ಲಿ.

ಸದ್ದು ನೀರಿನ ಯಂತ್ರದ ತನಕ ಬರುತ್ತದೆ,
ಲೋಟ ತುಂಬುತ್ತದೆ,
ಹೋಗುತ್ತದೆ.