ಅಂಗೈ ಅಳತೆ

ಅಮರಿಲ್ಲೋದ ಅಂಗಡಿಯಲ್ಲಿ, ಗಾಜಿನಡಿ,
ಬಳೆಗಳ ಹಾಗೆ ಸಾಲಾಗಿ ಮಲಗಿದ್ದವು ಪಿಸ್ತೂಲು.
"ದೊಡ್ಡದು ಬೇಡ," ಅಂದ ಮುದುಕ ಹಾರ್ಲನ್,
"ಭಾರದ್ದನ್ನು ಮೂರನೇ ದಿನ ಮನೆಯಲ್ಲೇ ಬಿಟ್ಟು ಹೋಗ್ತೀಯ.
ತೀರಾ ಚಿಕ್ಕದೂ ಬೇಡ, ಅದು ಕೈಗೇ ಒದೆಯುತ್ತೆ."

ಓಪಲ್ ರಾತ್ರಿಪಾಳಿಯ ದಾದಿ.
ಹತ್ತೊಂಬತ್ತು ವರ್ಷ ರೋಗಿಗಳ ಮಗ್ಗುಲು ಹೊರಳಿಸಿ
ಹೆಬ್ಬೆರಳ ಬುಡದಲ್ಲಿ ಹಟಮಾರಿ ನೋವು.
ಮೊದಲನೆಯದರ ಸ್ಲೈಡ್ ಎಳೆದಳು. ಬರಲಿಲ್ಲ.
ಜಾಮ್ ಬಾಟಲಿಯ ಮುಚ್ಚಳವೂ ಈಗೀಗ ಬರುವುದಿಲ್ಲ.

ಕೊನೆಗೊಂದು ರಿವಾಲ್ವರ್, ಐದೇ ಗುಂಡಿನದು,
ಅಂಗೈಗೆ ಬಂದು ಕೂತಿತು,
ನಾಡಿ ನೋಡಲು ಹಿಡಿದ
ಯಾರದೋ ತಣ್ಣನೆ ಮಣಿಕಟ್ಟಿನಂತೆ.

ಸೊಂಟಕ್ಕೆ ಸಿಕ್ಕಿಸಿ, ಸಡಿಲ ಅಂಗಿ ಇಳಿಬಿಟ್ಟು
ಕನ್ನಡಿಯೆದುರು ಬಗ್ಗಿದಳು, ಎದ್ದಳು,
ಮೇಲಿನ ಕಪಾಟಿನ ಔಷಧಿಗೆಂಬಂತೆ ಕೈ ಚಾಚಿದಳು.
ಕಾಣುತ್ತಾ?
"ಇಲ್ಲ. ನಿನಗೊಬ್ಬಳಿಗೇ ಗೊತ್ತಾಗೋದು."

ಸೋಮವಾರ ಆಸ್ಪತ್ರೆಯ ಬಾಗಿಲಲ್ಲಿ ಅದೇ ಹಳೇ ಫಲಕ:
ಆಯುಧಗಳಿಗೆ ಪ್ರವೇಶವಿಲ್ಲ.
ಎಷ್ಟು ವರ್ಷ ದಾಟಿದ್ದಳು, ಓದಿರಲೇ ಇಲ್ಲ.
ವಾಪಸು ಬಂದು, ಬಿಚ್ಚಿ, ಕಾರಿನ ಪೆಟ್ಟಿಗೆಗೆ ಬೀಗ ಹಾಕಿ,
ಕೆಟ್ಟ ದೀಪದ ಕೆಳಗೆ
ಕಾರಿನಿಂದ ಬಾಗಿಲಿಗೆ ಎಂಬತ್ತು ಹೆಜ್ಜೆ,
ಬೀಗದ ಕೈ ಬೆರಳಸಂದಿಯಲ್ಲಿ ಚೂಪಾಗಿ ಹಿಡಿದು
ನಡೆದಳು, ಎಂದಿನಂತೆ.