ಮೂರನೆಯ ಮಗ್ಗುಲು

ಮೈಸೂರಿನಿಂದ ಜೀಪು. ಮಳವಳ್ಳಿ ದಾಟಿ ಎಡಕ್ಕೆ,
ಕಾಲುವೆ ಏರಿಯ ಮೇಲೆ ಕುಲುಕಿ ಕುಲುಕಿ.
ಹಿಂದಿನ ಸೀಟಲ್ಲಿ ನಾನು, ಕಾಗದದ ಸುರುಳಿ, ಮಸಿಯ ಡಬ್ಬಿ,
ಹಂದಿಗೂದಲ ಬ್ರಷ್ಷು.
ಮುಂದೆ ಜೋಯಿಸ ಸಾಹೇಬರು
ಯಾವುದೋ ದೇಶದ ಕತೆ ಹೇಳುತ್ತಿದ್ದರು:

ಆರ್ಮೇನಿಯ ಅಂತ, ಕಲ್ಲುಗುಡ್ಡಗಳ ಸೀಮೆ.
ಪಡುವಣಕ್ಕೆ ಶಿಲುಬೆಯ ಚಕ್ರವರ್ತಿ,
ಮೂಡಣಕ್ಕೆ ಬೆಂಕಿಯ ಚಕ್ರವರ್ತಿ,
ನಡುವೆ ಕಣಿವೆಗೊಬ್ಬ ದೊರೆ.
ಮೂಡಣದವನು ಕರೆಸಿದಾಗ ಬೆಂಕಿಗೆ ತಲೆಬಾಗಿದರಂತೆ,
ಊರಿಗೆ ಬಂದು ಹೆಂಡತಿಯ ಎದುರು
ತಲೆಯೆತ್ತಲಾರದೆ ನಿಂತರಂತೆ.
ದೊಡ್ಡ ದೊರೆಗೆ ಇವರ ಆಣೆಯ ಮೇಲೆ ನಂಬಿಕೆಯಿಲ್ಲ,
ಮಕ್ಕಳನ್ನು ಒತ್ತೆಯಿಡಿಸಿಕೊಳ್ಳುತ್ತಿದ್ದನಂತೆ.
'ಓಲೆ ಕಡಗ ಇಟ್ಟಂಗಾ ಸಾರ್?' ಅಂದ ಡ್ರೈವರ್ ಬೋರಲಿಂಗ.
ಸಾಹೇಬರು ನಗಲಿಲ್ಲ.

ಕಲ್ಲು ಇದ್ದದ್ದು ಬಟ್ಟೆ ಒಗೆಯುವ ಕಟ್ಟೆಯಲ್ಲಿ.
ಪುಟ್ಟಚಿಕ್ಕಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಅಡ್ಡ ನಿಂತಳು:
ಒಳ್ಳೇ ಕಲ್ಲು ಕಣಪ್ಪ, ಜಾರಾಕಿಲ್ಲ, ನಮ್ಮತ್ತೆ ಕಾಲದ್ದು.
ಒಯ್ಯಲ್ಲಮ್ಮ, ಬರೀ ಅಚ್ಚು ತೆಗೀತೀವಿ, ಅಂದೆ.
ನಾಲ್ಕು ಜನ ಹಾರೆ ಕೊಟ್ಟು ಮೀಟಿದೆವು.

ಒಂದು ಮೊಗದಲ್ಲಿ, ಸೋಪು ತಿಂದು ಉಳಿಸಿದ ಕನ್ನಡ:
ಸ್ವಸ್ತಿ, ಪೃಥ್ವೀವಲ್ಲಭ,
ತತ್ಪಾದಪದ್ಮೋಪಜೀವಿ ಕಂಚರಸಂ.
ಕೆಸರಲ್ಲಿ ಕವುಚಿ ಮಲಗಿದ್ದ ಮೊಗದಲ್ಲಿ ತಮಿಳು:
ಬೇರೊಬ್ಬ ಚಕ್ರವರ್ತಿ. ಅದೇ ಕಂಚರಸ.
ಒಂದೇ ದುಂಬಿ, ಎರಡು ಪಾದಪದ್ಮ.
ಬಡಗಿನ ದಂಡು ಬಂದರೆ ಅವರಿಗೆ ಇದು ಕಾಣಬೇಕು,
ತೆಂಕಿನದು ಬಂದರೆ ಅದು.
ಜಾಣ, ಎಂದರು ಸಾಹೇಬರು.
ಸಿಗರೇಟು ಮುಗಿಯುವ ಹೊತ್ತಿಗೆ, ಹೇಡಿ, ಎಂದರು.

ಎರಡೂ ಕಡೆ ಕೆತ್ತಿದ್ದು ಒಂದೇ ಕೈ. ನನಗೆ ಗೊತ್ತಾಗುತ್ತೆ,
ಮೂವತ್ತೊಂದು ವರ್ಷ ಕಲ್ಲಿನ ಬೆನ್ನು ತಟ್ಟಿದವನು.
ಉಳಿ ಕೊಂಚ ಎಡಕ್ಕೆ ಜಗ್ಗುತ್ತೆ ಆ ಹೆಸರಿಲ್ಲದವನಿಗೆ.

ಮಗ್ಗುಲು ನೋಡು ಅಂತ ಯಾರೂ ಹೇಳಿರಲಿಲ್ಲ.
ಗೇಣಗಲದ ಅಂಚು. ಪಾಚಿ ಕೆರೆದೆ.
ಒದ್ದೆ ಕಾಗದ ಹಾಸಿ ತಟ್ಟಿದೆ, ಮಗುವಿಗೆ ನಿದ್ದೆ ಹತ್ತಿಸುವ ಹಾಗೆ,
ಗಾಳಿಗುಳ್ಳೆ ಓಡಿಸಿ, ಮಸಿಯುಂಡೆ ಒತ್ತಿದೆ.
ಕಪ್ಪು ನೀರಲ್ಲಿ ಮೀನು ಹೊಟ್ಟೆ ಹೊರಳಿಸಿದಂತೆ
ಅಕ್ಷರ ಬೆಳ್ಳಗೆ ಮೇಲೆದ್ದವು.

ಇಲ್ಲಿ ಸ್ವಸ್ತಿ ಇಲ್ಲ. ಶ್ರೀ ಇಲ್ಲ. ಚಕ್ರವರ್ತಿ ಇಲ್ಲ.

ಕೆಱೆಯ ತೂಂಬು ಉಳಿದುದು.
ಪಿರಿಯ ಮಗಂ ಬಡಗಣ ಬೀಡಿಂಗೆ ಒತ್ತೆ
ಕಿಱಿಯ ಮಗಂ ತೆಂಕಣ ಬೀಡಿಂಗೆ ಒತ್ತೆ
ಇರ್ವರುಂ

ಅಲ್ಲಿ ಚಕ್ಕೆ ಎದ್ದಿದೆ.
ಆಚೆಗೆ ಒಂದು ಸೊನ್ನೆ, ಆಮೇಲೆ 'ದರ್'.

ಇರ್ವರುಂ ಬಂದರ್?
ಇರ್ವರುಂ ಸಂದರ್?
ಮತ್ತೆ ಕಾಗದ, ಮತ್ತೆ ಮಸಿ. ಮೂರು ಸಲ.
ಸೊನ್ನೆ ಮಾತ್ರ ದುಂಡಗೆ ಬರುತ್ತದೆ,
ಅದರ ಮುಂದಿನ ಅಕ್ಷರ ಬರುವುದಿಲ್ಲ.
ಸಾಹೇಬರು ಕನ್ನಡಕ ಒರೆಸಿ ಬಗ್ಗಿದರು.
ಕೊಂದರ್ ಅಂತಲೂ ಇರಬಹುದು, ಎಂದರು ಮೆಲ್ಲಗೆ,
ದಂಡಿನಲ್ಲಿ ಎದುರುಬದುರಾಗಿ.
ಆಮೇಲೆ ಹೇಡಿ ಎಂಬ ಮಾತು ಅವರ ಬಾಯಲ್ಲಿ ಬರಲಿಲ್ಲ.

ಏನಂತೆ ಬರ್ದಿರಾದು? ಕೇಳಿದಳು ಪುಟ್ಟಚಿಕ್ಕಮ್ಮ, ಬಕೀಟು ಕೆಳಗಿಟ್ಟು.
ಮಕ್ಕಳ ವಿಚಾರ.
ಬಂದ್ರಂತಾ?
ಗೊತ್ತಿಲ್ಲಮ್ಮ, ಒಂದಕ್ಷರ ಹೋಗದೆ.
ಬಂದ್ರು ಅಂತ್ಲೇ ಬರ್ಕೊಳಪ್ಪ,
ಯಾರಪ್ಪನ ಗಂಟು ಹೋದದು.

ಕಲ್ಲನ್ನು ಇದ್ದಲ್ಲೇ ಕೂರಿಸಿದೆವು, ಕನ್ನಡ ಕೆಳಗೆ,
ಇನ್ನು ಮೇಲೆ ತಮಿಳೂ ಸವೆಯಲಿ ಅಂತ ಬೋರಲಿಂಗ.
ನೀರು ಕಾಲುವೆಯಿಂದ ಕೆರೆಗೆ, ತೂಬಿನಿಂದ ಗದ್ದೆಗೆ
ಯಾರದೂ ಅಪ್ಪಣೆ ಕೇಳದೆ ಹೋಗುತ್ತಿತ್ತು.

ಮೈಸೂರಿನ ಕಚೇರಿ. ಫ್ಯಾನಿನ ಕೆಳಗೆ ಅಚ್ಚು ಒಣಗಿದೆ.
ವರದಿಯಲ್ಲಿ ಆ ಜಾಗಕ್ಕೆ ಮೂರು ಚುಕ್ಕಿ ಇಟ್ಟರು, ಅದೇ ಕ್ರಮ.
ಎಲ್ಲರೂ ಊಟಕ್ಕೆ ಹೋದಾಗ
ಕಾಗದ ಮಗುಚಿ, ಹಿಂಬದಿಯಲ್ಲಿ,
ಪೆನ್ಸಿಲಿನಿಂದ ಒಂದು 'ಬ' ಬರೆದೆ.
ಬರೆದು ಅಳಿಸಿದೆ.
ಗುರುತು ಇದೆ.